ನಂಜಮ್ಮನ ಗೋಡೆ ಮತ್ತು ನನ್ನ ಹತ್ತೊಂಬತ್ತು ಪುಸ್ತಕಗಳು

ನಾನು ಕೆಲಸಕ್ಕೆ ಸೇರಿದ ದಿನ ಇಲಾಖೆಯವರು ನನ್ನ ವಶಕ್ಕೆ ಒಂದು ತಗಡಿನ ಟ್ರಂಕು ಕೊಟ್ಟರು. ಅದರಲ್ಲಿ ಹತ್ತೊಂಬತ್ತು ಪುಸ್ತಕಗಳಿದ್ದವು. ಅವುಗಳಲ್ಲಿ ಹದಿನೆಂಟರಿಂದ, ಟ್ರಂಕು ಹೊತ್ತ ಕೂಲಿಯವನಿಗೆ ಬಿಟ್ಟರೆ, ಬೇರೆ ಯಾರಿಗೂ ಪ್ರಯೋಜನವಾಗಲಿಲ್ಲ.

ನನ್ನ ಹುದ್ದೆಗೆ ಸಹಕಾರ ಸಂಘಗಳ ಸೂಪರ್‌ವೈಸರ್ ಎಂದು ಹೆಸರು. ಹೆಸರು ಕೇಳಿ ದೊಡ್ಡ ಕೆಲಸ ಎಂದುಕೊಳ್ಳಬೇಡಿ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲೋ ಎತ್ತಿನ ಗಾಡಿಯಲ್ಲೋ ಹೋಗುವುದು, ದುಡ್ಡನ್ನು ಹೇಗೆ ಉಳಿಸಬೇಕು, ಬಡ್ಡಿ ಹೇಗೆ ಬೆಳೆಯುತ್ತದೆ, ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಏನು ಕೇಳಬೇಕು ಎಂದು ಜನಕ್ಕೆ ತಿಳಿಸಿ ಹೇಳುವುದು. ಓದಬಲ್ಲವರಿಗೆ ಟ್ರಂಕಿನಿಂದ ಒಂದು ಪುಸ್ತಕ ಕೊಟ್ಟು ಮುಂದಿನ ಸುತ್ತಿನಲ್ಲಿ ವಾಪಸು ಪಡೆಯುವುದು. ಈಗ ಈ ಕೆಲಸಕ್ಕೆ ಸೇರುವ ಹೊಸಬರು ಕಂಡಾಗಲೆಲ್ಲ, "ಜನಕ್ಕೆ ಇದನ್ನೆಲ್ಲ ಕಲಿಸಲು ಯಾವ ಪುಸ್ತಕ ಒಳ್ಳೆಯದು ಸಾರ್?" ಎಂದು ಕೇಳುತ್ತಾರೆ. ಒಂದು ಮಾತಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು ಎಂಬುದು ಇದರಲ್ಲಿ ಬರುವುದಿಲ್ಲ. ಸಿಕ್ಕಿದ್ದೇ ತಡವಾಗಿ, ಅದನ್ನು ನೆನೆದು ಸುಖವೇನೂ ಇಲ್ಲ.

ಮೊದಲ ಪಾಠ ಹಿರೇನಲ್ಲೂರಿನಲ್ಲಿ ಆಯಿತು. ಟ್ರಂಕಿನಲ್ಲಿದ್ದ ಅತ್ಯಂತ ದಪ್ಪ ಪುಸ್ತಕ ಮಿತವ್ಯಯದ ಮೇಲೆ ಬರೆದದ್ದು. ಯಾರೋ ಪಂಡಿತರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರು. ಚಾವಡಿಯಲ್ಲಿ ಮೂವತ್ತು ಜನ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ದಿನವೂ ಭೋಜನಾನಂತರ ಸೇವಿಸುವ ಒಂದು ಪಾತ್ರೆ ದ್ರಾಕ್ಷಾರಸವನ್ನು ತ್ಯಜಿಸಿದರೆ ವರ್ಷಾಂತ್ಯಕ್ಕೆ ಎಷ್ಟು ಧನಸಂಚಯವಾಗುವುದೆಂದು ಅದರಲ್ಲಿ ವಿವರವಾಗಿ ಬರೆದಿತ್ತು. ಮುಂದೆ ಕೂತಿದ್ದ ಒಬ್ಬ ಮುದುಕ ಬಹಳ ಮರ್ಯಾದೆಯಿಂದ ಕೈ ಮುಗಿದ.

"ಬುದ್ಧಿ, ಬಿಡು ಅಂದ್ರೆ ಬಿಟ್ಬುಡ್ತೀವಿ. ಅದು ಎಲ್ಲಿ ಸಿಕ್ತದೆ ಅಂತ ಮೊದ್ಲು ಹೇಳಿ. ಹಿಡ್ಕಂಡ್ರೆ ತಾನೆ ಬಿಡಾದು?"

ಚಾವಡಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಹೊರಡುವಾಗ ನೋಡಿದರೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಿದ್ದರು. ಸರ್ಕಾರದಿಂದ ಬಂದದ್ದು, ಅಕ್ಷರ ಇರುವಂಥದ್ದು, ಪೂಜೆ ಮಾಡದೆ ಕಳಿಸುವುದು ಹೇಗೆ ಎಂದು ಅವರ ಲೆಕ್ಕ. ಆ ಕುಂಕುಮದ ಕಲೆಗೆ ಕಡೂರಿನ ಕಚೇರಿಯ ಗುಮಾಸ್ತರು ನನ್ನಿಂದ ಲಿಖಿತ ಸಮಜಾಯಿಷಿ ಕೇಳಿದರು.

ತರೀಕೆರೆಯಲ್ಲಿ ನಾನು ಮಾಡಿದ ತಪ್ಪು ಪುಸ್ತಕದ್ದಲ್ಲ, ಡಬ್ಬಿಯದು. ಮನೆಮನೆಗೆ ಬೀಗ ಹಾಕಿದ ಪುಟ್ಟ ತಗಡಿನ ಡಬ್ಬಿ ಕೊಟ್ಟು, ಕಾಸು ಉಳಿದಾಗ ಹಾಕಿ, ವಾರಕ್ಕೊಮ್ಮೆ ಸಂಘಕ್ಕೆ ತನ್ನಿ, ಬೀಗ ತೆಗೆದು ಜಮಾ ಮಾಡಿಕೊಳ್ಳುತ್ತೇವೆ ಎಂದು ಸಾರಿದ್ದೆ. ಆರು ವಾರ ಕಾದೆ. ಒಂದು ಡಬ್ಬಿಯೂ ಬರಲಿಲ್ಲ. ಜನಕ್ಕೆ ಉಳಿತಾಯದ ಬುದ್ಧಿಯೇ ಇಲ್ಲವೆಂದು ವರದಿ ಬರೆಯಲು ಕೂತೆ. ನಮ್ಮ ಬಿಡಾರಕ್ಕೆ ಮೊಸರು ತರುತ್ತಿದ್ದ ಹೆಂಗಸು ಬಾಗಿಲಲ್ಲಿ ನಿಂತು, "ಶುಕ್ರವಾರ ಲಕ್ಷ್ಮೀನ ಮನೆಯಿಂದ ಆಚೆ ಕಳ್ಸು ಅಂದ್ರೆ ಯಾರು ಕಳ್ಸ್ತಾರೆ ಸ್ವಾಮಿ? ನಿಮ್ಮನೇಲಿ ಕಳ್ಸ್ತೀರಾ?" ಎಂದಳು. ನಾನು ಗೊತ್ತುಮಾಡಿದ್ದ ದಿನ ಶುಕ್ರವಾರ. ನಮ್ಮ ತಾಯಿಯೂ ಶುಕ್ರವಾರ ಯಾರಿಗೂ ಒಂದು ಕಾಸು ಕೈಯೆತ್ತಿ ಕೊಟ್ಟವರಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಸರ್ಕಾರಿ ಕೋಟು ಹಾಕಿದ ಕೂಡಲೇ ಮರೆತಿದ್ದೆ. ದಿನವನ್ನು ಬುಧವಾರಕ್ಕೆ ಬದಲಾಯಿಸಿದೆ, ಡಬ್ಬಿಗಳು ಬಂದವು. ವರದಿಯನ್ನು ಹರಿದುಹಾಕಿದೆ.

ನಿಜವಾಗಿ ಉಪಯೋಗಕ್ಕೆ ಬಂದ ಮೊದಲ ಪುಸ್ತಕ ಅದೇ ತರೀಕೆರೆಯ ಸಂತೆಯಲ್ಲಿ ಸಿಕ್ಕಿತು. ಪಂಚಾಂಗ ಮಾರುವವನ ಗೋಣಿತಟ್ಟಿನ ಮೇಲೆ, ಶಕುನದ ಪುಸ್ತಕದ ಪಕ್ಕದಲ್ಲಿ ಬಿದ್ದಿತ್ತು. ಬಡ್ಡಿಯ ಕೋಷ್ಟಕ, ಕನ್ನಡದ ಅಂಕಿಗಳಲ್ಲಿ. ಎಡಗಡೆ ಅಸಲು, ಮೇಲೆ ತಿಂಗಳು, ಎರಡೂ ಕೂಡುವ ಮನೆಯಲ್ಲಿ ಬಡ್ಡಿ. ಕಾಗದ ಕಳಪೆ, ಬೆಲೆ ಎರಡಾಣೆ. ಟ್ರಂಕಿನ ಲೆಕ್ಕದ ಪುಸ್ತಕಗಳಲ್ಲಿ ಅಂಕಿಗಳೆಲ್ಲ ಇಂಗ್ಲಿಷಿನವು, ಮೊತ್ತಗಳು ಸಾವಿರದ ಮೇಲಿನವು. ಇದರಲ್ಲಿ ಐದು ರೂಪಾಯಿಯಿಂದ ಶುರು. ನನ್ನ ಕೈಯಿಂದ ಎರಡಾಣೆ ಕೊಟ್ಟು ಕೊಂಡು ಟ್ರಂಕಿಗೆ ಹಾಕಿಕೊಂಡೆ. ಕುಂಕುಮದ ಕಲೆಯಾದ ದಪ್ಪ ಪುಸ್ತಕವನ್ನು ಕಚೇರಿಯವರು ವಾಪಸು ಪಡೆದಿದ್ದರಿಂದ ಸಂಖ್ಯೆ ಹತ್ತೊಂಬತ್ತಕ್ಕೇ ನಿಂತಿತು.

ಇನ್ನು ನಂಜಮ್ಮನ ವಿಷಯ. ನನ್ನ ಕೆಲಸವನ್ನು ನನಗೆ ಕಲಿಸಿದವರಲ್ಲಿ ಆಕೆಯನ್ನೇ ಮೊದಲು ಹೇಳಬೇಕು.

ಅಜ್ಜಂಪುರದಿಂದ ಏಳು ಮೈಲಿ ದೂರದ ಹಳ್ಳಿ. ಗಂಡ ತಿಮ್ಮಪ್ಪ ಹೊಲದ ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಮೆದು. ಹೆಂಡತಿ ಹೇಳಿದ್ದಕ್ಕೂ ಹೂಂ, ನಾನು ಹೇಳಿದ್ದಕ್ಕೂ ಹೂಂ. ನಂಜಮ್ಮನಿಗೆ ಮದುವೆಯಲ್ಲಿ ತವರಿನಿಂದ ಅರಿಶಿನ ಕುಂಕುಮಕ್ಕೆಂದು ನಲವತ್ತು ತೆಂಗಿನ ಮರದ ತೋಟ ಕೊಟ್ಟಿದ್ದರು. ಅದರ ಫಸಲು ಆಕೆಯದೇ. ಆಕೆಯ ಅಣ್ಣ ಸಿದ್ದಪ್ಪ ಅಜ್ಜಂಪುರದಲ್ಲಿ ಕೊಬ್ಬರಿ ವ್ಯಾಪಾರಿ. ಆ ಕಾಲದ ಹಳ್ಳಿಯ ಹೆಂಗಸರಲ್ಲಿ ಅಪರೂಪವಾಗಿ ನಂಜಮ್ಮನಿಗೆ ಓದು ಬರುತ್ತಿತ್ತು. ಚಿಕ್ಕಂದಿನಲ್ಲಿ ಸಿದ್ದಪ್ಪ ಮಠದ ಶಾಲೆಗೆ ಹೋಗಿ ಕಲಿತದ್ದನ್ನು ಮೊರದಲ್ಲಿ ರಾಗಿ ಹಿಟ್ಟು ಹರಡಿ ತಂಗಿಗೆ ತಿದ್ದಿಸಿದ್ದನಂತೆ.

ಒಂದು ಸಲ ನಾನು ಜಗಲಿಯಲ್ಲಿ ಟ್ರಂಕು ಬಿಚ್ಚಿ ಕೂತಿದ್ದಾಗ ಆಕೆ ಒಳಬಾಗಿಲಲ್ಲಿ ನಿಂತು ಕೇಳಿದಳು. "ಸ್ವಾಮಿ, ನಮ್ಮಣ್ಣ ತೋಟ ಐದು ವರ್ಷ ಗುತ್ತಿಗೆಗೆ ಕೊಡು, ನೂರೈವತ್ತು ರೂಪಾಯಿ ಒಂದೇ ಗಂಟಲ್ಲಿ ಕೊಡ್ತೀನಿ ಅಂತವ್ನೆ. ತಗಂಡ್ರೆ ಲಾಭವೋ ಬಿಟ್ರೆ ಲಾಭವೋ ನೋಡ್ಬೇಕು. ನೀವು ಹೇಳ್ಬೇಡಿ. ಎಂಗೆ ನೋಡ್ಬೇಕು ಅಂತ ಬರ್ದಿರೋ ಪುಸ್ತಕ ಇದ್ರೆ ಕೊಡಿ."

ಹಾಗೆ ಕೇಳಿದವರು ನನಗೆ ಅದುವರೆಗೆ ಯಾರೂ ಸಿಕ್ಕಿರಲಿಲ್ಲ. ಉತ್ಸಾಹದಲ್ಲಿ ತೋಟಗಾರಿಕೆಯ ಪುಸ್ತಕ ತೆಗೆದೆ. ಮರಕ್ಕೆ ವರ್ಷಕ್ಕೆ ನೂರು ಕಾಯಿ, ನಲವತ್ತು ಮರಕ್ಕೆ ನಾಲ್ಕು ಸಾವಿರ, ನೂರಕ್ಕೆ ಮೂರು ರೂಪಾಯಿಯಂತೆ ವರ್ಷಕ್ಕೆ ನೂರಿಪ್ಪತ್ತು, ಐದು ವರ್ಷಕ್ಕೆ ಆರುನೂರು ಎಂದು ಒಂದೇ ಉಸಿರಿನಲ್ಲಿ ಹೇಳಿ, "ನಿಮ್ಮಣ್ಣ ಕಾಲುಭಾಗ ಕೊಡುತ್ತಿದ್ದಾನೆ" ಎಂದುಬಿಟ್ಟೆ. ಹೇಳಬೇಡಿ ಎಂದದ್ದನ್ನೇ ಹೇಳಿದ್ದೆ.

ನಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ನೂರು ಕಾಯಿ ಬಿಡೋ ಮರ ಎಲ್ಲೋ ಸಮುದ್ರದ ಕಡೆ ಇರ್ಬೇಕು ಸ್ವಾಮಿ. ನಮ್ಮ ಮರಕ್ಕೆ ನಿಮ್ಮ ಪುಸ್ತಕ ಓದಕ್ಕೆ ಬರಾಕಿಲ್ಲ."

ಆಮೇಲೆ ಒಳಗೆ ಕರೆದು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆ ತೋರಿಸಿದಳು. ಮಸಿಗೆ ಹರಳೆಣ್ಣೆ ಕಲಸಿ ಬೆರಳಲ್ಲಿ ಇಟ್ಟ ಚುಕ್ಕೆಗಳು. ಮರ ಹತ್ತುವವನ ಪಾಲಿನ ಕಾಯಿ ಕಳೆದು ಮನೆಗೆ ಬಂದ ನೂರು ಕಾಯಿಗೆ ಒಂದು ಚುಕ್ಕೆ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಗೆ ಒಂದು ಸಾಲು. ಒಟ್ಟು ಏಳು ಸಾಲುಗಳಿದ್ದವು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಆಕೆ ಆ ಚೌಕವನ್ನು ಬಿಟ್ಟು ಸುತ್ತ ಬಳಿಯುತ್ತಿದ್ದಳು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ನನ್ನ ಟ್ರಂಕಿನ ಯಾವ ಪುಸ್ತಕವೂ ಆ ತೋಟವನ್ನು ಕಂಡಿರಲಿಲ್ಲ. ಹೊತ್ತಾಗಿತ್ತು, ಬೀರೂರಿನ ಕಡೆ ಹೋಗುವ ರೈಲು ಹಿಡಿಯಬೇಕಿತ್ತು. ಮುಂದಿನ ಸುತ್ತಿನಲ್ಲಿ ಈ ಚುಕ್ಕೆಗಳಿಂದಲೇ ಲೆಕ್ಕ ತೆಗೆಯುವುದನ್ನು ಕಲಿಸುತ್ತೇನೆ, ಅಲ್ಲಿಯವರೆಗೆ ಕಾಗದಕ್ಕೆ ಒಪ್ಪಬೇಡಿ ಎಂದು ಹೇಳಿ ಹೊರಟೆ.

ಅಷ್ಟರಲ್ಲಿ ನಮ್ಮ ಮೇಲಿನ ಸಾಹೇಬರ ತನಿಖೆ ಬಂತು. ಮೈಸೂರಿನವರು, ಗರಿಗರಿ ಜರಿಪೇಟ, ಮಾತು ಕಡಿಮೆ. ಯಾವ ಹಳ್ಳಿಗೆ ಹೋದರೂ ಮೊದಲು ಗೋಡೆಯ ಮೇಲೆ ಬೆರಳೆಳೆದು ಧೂಳು ನೋಡುತ್ತಾರೆಂದು ಜಿಲ್ಲೆಯೆಲ್ಲ ಹೆದರುತ್ತಿತ್ತು. ನನಗೆ ನಂಜಮ್ಮನನ್ನು ಅವರಿಗೆ ತೋರಿಸುವ ಆಸೆ. ಸಭೆಯನ್ನು ಆಕೆಯ ಮನೆಯ ಜಗಲಿಯಲ್ಲೇ ಗೊತ್ತುಮಾಡಿ ತಿಮ್ಮಪ್ಪನಿಗೆ ಚೀಟಿ ಕಳಿಸಿದೆ. ಸಾಹೇಬರು ಬರುತ್ತಾರೆ, ಮನೆಗೆ ಸುಣ್ಣ ಬಳಿಸಿ, ಚೊಕ್ಕಟವಾಗಿರಲಿ. ಇಷ್ಟೇ ಬರೆದದ್ದು. ಚೀಟಿ ತಲುಪಿದಾಗ ನಂಜಮ್ಮ ತಂಗಿಯ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದಳು.

ತನಿಖೆಯ ದಿನ ಬೆಳಿಗ್ಗೆ ನಾನು ಮುಂಚಿತವಾಗಿ ಹೋದೆ. ಮನೆ ಹಾಲಿನಂತೆ ಬೆಳ್ಳಗಿತ್ತು. ಅಂಚಿಗೆ ಕೆಮ್ಮಣ್ಣು, ಬಾಗಿಲಿಗೆ ತೋರಣ. ತಿಮ್ಮಪ್ಪ ಹೆಮ್ಮೆಯಿಂದ ಒಳಗೆ ಕರೆದುಕೊಂಡು ಹೋಗಿ, "ಒಳಗೂ ಬಳ್ದಿವ್ನಿ ಸ್ವಾಮಿ. ಅಡುಗೆಮನೆ ತಾವ ಒಂದು ಕರೀ ಮಚ್ಚೆ ಇತ್ತಲ್ಲ, ಸಾಹೇಬ್ರು ಕಂಡ್ರೆ ಮಾನ ಹೋದಾತು ಅಂತ ಅದ್ನೂ ಮುಚ್ಚಿವ್ನಿ" ಎಂದ.

ಹಿಂದಿನ ಸಂಜೆ ಊರಿಗೆ ಬಂದಿದ್ದ ನಂಜಮ್ಮ ಒಲೆಯ ಮುಂದೆ ಕೂತಿದ್ದಳು. ತಲೆಯೆತ್ತಲಿಲ್ಲ.

"ಚೀಟಿ ನಿಮ್ದಂತಲ್ಲ ಸ್ವಾಮಿ," ಎಂದಳು. "ಅಣ್ಣ ಇವತ್ತು ಮಧ್ಯಾಹ್ನ ಕಾಗದ ತತ್ತಾನೆ. ನಾ ಏನು ನೋಡಿ ಹೇಳ್ಲಿ?"

ಏಳು ವರ್ಷದ ಲೆಕ್ಕವನ್ನು ನನ್ನ ಒಂದು ಚೀಟಿ ನುಂಗಿತ್ತು. ಆಕೆಗೆ ಅಂಕಿಗಳೆಲ್ಲ ನೆನಪಿನಲ್ಲಿ ಇರಲಿಲ್ಲ. ನೆನಪಿಟ್ಟುಕೊಳ್ಳುವ ಕಷ್ಟ ಬೇಡವೆಂದೇ ಅಲ್ಲವೇ ಗೋಡೆಯ ಮೇಲೆ ಇಟ್ಟದ್ದು? ನಾನು ಏನೇನೋ ತೊದಲುತ್ತಿರುವಾಗ ಹೊರಗೆ ಸಾಹೇಬರ ಗಾಡಿ ನಿಂತಿತು. ಒಳಗೆ ಬಂದವರು ವಾಡಿಕೆಯಂತೆ ಗೋಡೆಯ ಮೇಲೆ ಬೆರಳೆಳೆದರು. ಬೆರಳಿಗೆ ಹೊಸ ಸುಣ್ಣ ಅಂಟಿತು. ನನ್ನ ಮುಖ ನೋಡಿ, "ಏನ್ರೀ, ಸುಣ್ಣ ಬಳಿಸಿ ಅಳೋರನ್ನ ಇವತ್ತೇ ನೋಡ್ತಿರೋದು. ಏನು ಸಮಾಚಾರ?" ಎಂದರು. ಸುಳ್ಳು ಹೇಳುವ ಧೈರ್ಯವಿಲ್ಲದೆ ಎಲ್ಲವನ್ನೂ ಹೇಳಿದೆ.

ನಾನು ಹೇಳಿ ಮುಗಿಸುವ ಮೊದಲೇ ನಂಜಮ್ಮ ಎದ್ದಳು. "ಒಂದೇ ಕೈ ಬಳ್ದಿರಾದು ತಾನೆ?" ಎಂದು ಗಂಡನನ್ನು ಕೇಳಿದಳು. ತಿಮ್ಮಪ್ಪ ಹೂಂ ಎಂದ. ಆಕೆ ಮೂಲೆಯಲ್ಲಿದ್ದ ನೀರಿನ ಬಿಂದಿಗೆ ಎತ್ತಿ ಗೋಡೆಗೆ ಎರಚಿದಳು. ಅರ್ಧ ನೀರು ಗೋಡೆಗೆ, ಉಳಿದರ್ಧ ಸಾಹೇಬರ ಪೇಟಕ್ಕೆ. ನಾನು ಕಣ್ಣು ಮುಚ್ಚಿಕೊಂಡೆ. ಕೆಲಸ ಹೋಯಿತು ಎಂದುಕೊಂಡೆ.

"ನೋಡ್ರೀ ಇಲ್ಲಿ," ಎಂದರು ಸಾಹೇಬರು.

ನೀರು ಕುಡಿದ ಸುಣ್ಣ ತೆಳ್ಳಗಾಗಿ, ಅದರ ಹಿಂದೆ ಮಸಿಯ ಚುಕ್ಕೆಗಳು ಮೆಲ್ಲಗೆ ಕಾಣತೊಡಗಿದ್ದವು. ಒಣಗಿದರೆ ಮತ್ತೆ ಮಾಯ. ಸಾಹೇಬರು ಒದ್ದೆ ಪೇಟವನ್ನು ತೆಗೆದು ತಿಮ್ಮಪ್ಪನ ಕೈಗಿತ್ತು ನೆಲದ ಮೇಲೆ ಕೂತುಬಿಟ್ಟರು. ನಾನು ಬಟ್ಟೆ ಅದ್ದಿ ಗೋಡೆಯನ್ನು ಒದ್ದೆಯಾಗಿಡುವುದು, ನಂಜಮ್ಮ ಎಣಿಸುವುದು, ಸಾಹೇಬರು ಬರೆದುಕೊಳ್ಳುವುದು. ಟ್ರಂಕಿನಲ್ಲಿ ಒಂದು ಖಾಲಿ ನೋಟುಬುಕ್ಕಿತ್ತು. ಅದನ್ನೂ ಸೇರಿಸಿಯೇ ಹತ್ತೊಂಬತ್ತು. ಅವರು ಬರೆದದ್ದು ಅದರಲ್ಲಿ. ಇಪ್ಪತ್ತೆರಡು, ಇಪ್ಪತ್ತನಾಲ್ಕು, ಹದಿಮೂರು, ಇಪ್ಪತ್ತೊಂದು, ಇಪ್ಪತ್ತನಾಲ್ಕು, ಹನ್ನೆರಡು, ಇಪ್ಪತ್ತನಾಲ್ಕು. ಜಿಲ್ಲೆಯನ್ನೇ ಹೆದರಿಸಿದ ಮನುಷ್ಯ ಬೋಳುತಲೆಯಲ್ಲಿ, ಪಂಚೆಗೆ ಸುಣ್ಣ ಮೆತ್ತಿಕೊಂಡು, "ಅವಸರ ಬೇಡಮ್ಮ, ಇನ್ನೊಂದು ಸಲ ಎಣಿಸಿ" ಎನ್ನುತ್ತಿದ್ದರು. ಅಂದಿನಿಂದ ಅವರ ಮೇಲೆ ನನಗೆ ಹೆದರಿಕೆ ಹೋಗಿ ಪ್ರೀತಿ ಬಂತು.

ಆಮೇಲೆ ಲೆಕ್ಕ. ನಾನು ಬಾಯಿ ತೆರೆಯಹೋದೆ, ಸಾಹೇಬರು ಕಣ್ಣಲ್ಲೇ ತಡೆದರು. ಎಲ್ಲ ಕೂಡಿ ಏಳರಿಂದ ಭಾಗಿಸಿದರೆ ಒಳ್ಳೆಯ ವರ್ಷ ಕೆಟ್ಟ ವರ್ಷ ಎಲ್ಲ ಸಮಕ್ಕೆ ಬರುತ್ತದೆ ಎಂದಷ್ಟೇ ಅವರು ಹೇಳಿಕೊಟ್ಟರು. ನಂಜಮ್ಮ ಹುಣಿಸೆ ಬೀಜ ಸುರಿದುಕೊಂಡು ಕೂಡಿ, ಏಳು ಪಾಲು ಮಾಡಿ, ವರ್ಷಕ್ಕೆ ಇಪ್ಪತ್ತು ಚುಕ್ಕೆ ಎಂದಳು. ಎರಡು ಸಾವಿರ ಕಾಯಿ, ನೂರಕ್ಕೆ ಮೂರು ರೂಪಾಯಿಯಂತೆ ಅರವತ್ತು ರೂಪಾಯಿ. ಐದು ವರ್ಷಕ್ಕೆ ಮುನ್ನೂರು.

"ಅಣ್ಣ ಮುಂಚೇನೇ ದುಡ್ಡು ಕೊಡ್ತಾನಲ್ಲ," ಎಂದು ತಾನೇ ತಡೆದಳು. "ಅದಕ್ಕೆ ಬಡ್ಡಿ ಬಿಡ್ಬೇಕು. ಅದು ನ್ಯಾಯ."

ಎರಡಾಣೆಯ ಕೋಷ್ಟಕ ಕೊಟ್ಟೆ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯಂತೆ ನೂರೈವತ್ತಕ್ಕೆ ಅರವತ್ತು ತಿಂಗಳು. ಬೆರಳು ಹರಿಸಿ ಮನೆ ಹುಡುಕಿದಳು. ತೊಂಬತ್ತು. ನೂರೈವತ್ತಕ್ಕೆ ಸೇರಿಸಿದರೆ ಇನ್ನೂರ ನಲವತ್ತು. ಅರವತ್ತು ರೂಪಾಯಿ ಕಡಿಮೆ. ತೋಟದ ಒಂದು ವರ್ಷದ ಫಸಲು.

ನಾವಿಬ್ಬರೂ ಆಕೆ ಹಿಗ್ಗುತ್ತಾಳೆ ಎಂದುಕೊಂಡಿದ್ದೆವು. ಆಕೆ ಬೀಜಗಳನ್ನು ಮತ್ತೆ ಮೊರಕ್ಕೆ ತುಂಬತೊಡಗಿದಳು. ಕಣ್ಣು ತುಂಬಿತ್ತು.

"ಬೇರೆ ಯಾರಾದ್ರೂ ಆಗಿದ್ರೆ ನಗ್ತಿದ್ದೆ ಸ್ವಾಮಿ. ನಂಗೆ ಅಕ್ಷರ ತಿದ್ದಿಸ್ದೋನೇ ಇವ್ನು. ಈಗ ಬ್ಯಾಡ ಅಂದ್ರೆ ತವರಿನ ಬಾಗ್ಲು ಮುಚ್ತದೆ. ಹೂಂ ಅಂದ್ರೆ ಗೊತ್ತಿದ್ದೂ ಗೊತ್ತಿದ್ದೂ ಮೋಸ ಹೋದಂಗಾಯ್ತದೆ."

ಇದಕ್ಕೆ ಟ್ರಂಕಿನಲ್ಲಿ ಏನೂ ಇರಲಿಲ್ಲ. ಸಾಹೇಬರು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ನೀವು ಇಲ್ಲೇ ಇರಿ, ಆದರೆ ಬಾಯಿ ಹಾಕಬೇಡಿ ಎಂದರು.

ಸಿದ್ದಪ್ಪ ಮಧ್ಯಾಹ್ನ ಬಂದ. ಛಾಪಾ ಕಾಗದ, ಜೇಬಿನಲ್ಲಿ ದುಡ್ಡಿನ ಗಂಟು, ತಂಗಿಯ ಮಕ್ಕಳಿಗೆ ಬತ್ತಾಸು. ನಂಜಮ್ಮ ಎಲೆ ಹಾಕಿ ಕೂರಿಸಿದಳು. ಬಡಿಸುವ ಮೊದಲೇ ಅವನು ಕಾಗದದ ಮಾತೆತ್ತಿದ. ಆಕೆ ನೋಟುಬುಕ್ಕನ್ನು ಅವನ ಎಲೆಯ ಪಕ್ಕದಲ್ಲಿಟ್ಟಳು.

"ಅಣ್ಣಯ್ಯ, ತೋಟ ಗುತ್ತಿಗೆಗೆ ಕೊಡಾಕಿಲ್ಲ. ಕಾಯಿ ಬೇಕಾದ್ರೆ ಪೇಟೆ ಧಾರಣೆಗೆ ನಿಂಗೇ ಕೊಡ್ತೀನಿ, ಬೇರೆಯೋರಿಗೆ ಕೊಡಾಕಿಲ್ಲ. ಲೆಕ್ಕ ನೋಡ್ಕೊ. ತಪ್ಪಿದ್ರೆ ತೋರ್ಸು."

ಸಿದ್ದಪ್ಪ ನೋಡಿದ. ವ್ಯಾಪಾರಿಯಲ್ಲವೇ, ಒಂದೇ ನೋಟಕ್ಕೆ ಅವನಿಗೆ ತಿಳಿಯಿತು. "ಕಾಯಿ ಧಾರಣೆ ಬಿದ್ರೆ?" ಎಂದ. "ಬಿದ್ರೆ ನಂದು," ಎಂದಳು. ಅವನು ನನ್ನ ಕಡೆ ತಿರುಗಿ, "ಒಡಹುಟ್ಟಿದೋರ ನಡುವೆ ಸರ್ಕಾರ ಬರೋ ಕಾಲ ಬಂತು ಅನ್ನಿ" ಎಂದು ಎದ್ದ. ಉಣ್ಣಲಿಲ್ಲ. ತಂಗಿ ಹಾಕಿದ ಎಲೆಯ ಮುಂದಿನಿಂದ ಹಾಗೆ ಎದ್ದು ಹೋಗುವುದು ಸಣ್ಣ ಮಾತಲ್ಲ. ನಂಜಮ್ಮ ಆ ಎಲೆಯನ್ನು ಬಹಳ ಹೊತ್ತು ಎತ್ತಲಿಲ್ಲ.

ಏಳು ಮೈಲಿ ಸೈಕಲ್ ತಳ್ಳಿಕೊಂಡೇ ಬಂದೆ. ಜನಕ್ಕೆ ಲೆಕ್ಕ ಕಲಿಸಿ ಒಂದು ಹೆಣ್ಣುಮಗಳ ತವರು ತಪ್ಪಿಸಿದೆನಲ್ಲ ಎಂದು ಮನಸ್ಸು ಕೊರೆಯುತ್ತಿತ್ತು. ಈ ಕೆಲಸಕ್ಕೆ ಸೇರುವವರಿಗೆ ಹೇಳುತ್ತೇನೆ, ಇಂಥ ದಿನ ನಿಮಗೂ ಬರುತ್ತದೆ. ಲೆಕ್ಕ ಸರಿಯಾಗಿದೆ ಎಂಬ ಸಮಾಧಾನ ಆ ದಿನ ಕೆಲಸಕ್ಕೆ ಬರುವುದಿಲ್ಲ.

ಎರಡು ತಿಂಗಳು ಸಿದ್ದಪ್ಪನ ಅಂಗಡಿಯ ಬೀದಿಯನ್ನೇ ತಪ್ಪಿಸಿ ಓಡಾಡಿದೆ. ಗೌರಿಹಬ್ಬ ಬಂತು. ಹಬ್ಬಕ್ಕೆ ಅಣ್ಣ ಬಾಗಿನ ತಂದರೆ ತವರಿದೆ, ತರದಿದ್ದರೆ ಇಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಜ್ಜಂಪುರದ ಪೇಟೆಯಲ್ಲಿ ಯಾರೋ ಕೂಗಿದರು. ನೋಡಿದರೆ ಸಿದ್ದಪ್ಪ. ಅಂಗಡಿಯ ತುಂಬ ಗಿರಾಕಿಗಳು. ನನ್ನನ್ನು ಒಳಗೆ ಕರೆದು ಒಂದು ಜೊತೆ ಮೊರ ಮುಂದಿಟ್ಟ. ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ಬೇಳೆ, ಬೆಲ್ಲ, ಎಲ್ಲ ಇತ್ತು.

"ನೀವು ಆ ಕಡೆ ಹೋಗೋರು ತಾನೆ ಸ್ವಾಮಿ. ನಂಜಿಗೆ ಇದ್ನ ಮುಟ್ಟಿಸ್ಬುಡಿ," ಎಂದ, ನನ್ನ ಮುಖ ನೋಡದೆ. "ಯಾವ ಮುಖ ಹೊತ್ಕಂಡು ಹೋಗ್ಲಿ? ಅರವತ್ತು ರೂಪಾಯಿ ಆಸೆಗೆ ಉಣ್ಣೋ ಎಲೆ ಬಿಟ್ಟೆದ್ದು ಬಂದೆ. ಬೈತಾಳೆ."

ಸರ್ಕಾರಿ ಕೋಟು ಹಾಕಿಕೊಂಡು, ಸೈಕಲ್ಲಿನ ಹಿಂದೆ ಗೌರಿಬಾಗಿನ ಕಟ್ಟಿಕೊಂಡು ಏಳು ಮೈಲಿ ಹೋದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ದಾರಿಯಲ್ಲಿ ಕಂಡವರೆಲ್ಲ ನಕ್ಕರು. ನಂಜಮ್ಮ ಅಂಗಳ ಸಾರಿಸುತ್ತಿದ್ದಳು. ಮೊರ ಕಂಡ ಕೂಡಲೇ ಗೊತ್ತಾಯಿತು, ಮುಖ ಅರಳಿತು. ಆಮೇಲೆ ನನ್ನ ಹಿಂದೆ ದಾರಿಯ ಕಡೆ ನೋಡಿದಳು.

"ಅಣ್ಣಯ್ಯ ಬರ್ಲಿಲ್ವಾ?"

"ನೀವು ಬೈಯುತ್ತೀರಿ ಅಂತ ಹೆದರಿದ್ದಾನೆ."

ಆಕೆ ಸಗಣಿಯ ಕೈ ತೊಳೆದುಕೊಂಡಳು, ಮೊರ ಮುಟ್ಟಲಿಲ್ಲ. "ಬೈಯಲ್ಲ ಅಂತ ಹೇಳ್ಬೇಡಿ ಸ್ವಾಮಿ, ಸುಳ್ಳಾಯ್ತದೆ. ಬೈತೀನಿ. ಬೈಸ್ಕೊಳಾಕಾದ್ರೂ ಅವ್ನೇ ಬರ್ಬೇಕು. ಬಾಗಿನ ನಾನು ಅವ್ನ ಕೈಯಿಂದ್ಲೇ ಇಸ್ಕೊಳಾದು. ಇದ್ನ ವಾಪಸು ತಗಂಡೋಗಿ."

ಮತ್ತೆ ಏಳು ಮೈಲಿ. ಅಂಗಡಿಯಲ್ಲಿ ಹಬ್ಬದ ವ್ಯಾಪಾರ ಭರ್ಜರಿಯಾಗಿ ನಡೆದಿತ್ತು. ಮೊರ ವಾಪಸು ಬಂದದ್ದು ಕಂಡು ಸಿದ್ದಪ್ಪನ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. ನಂಜಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

"ತುಂಬಾ ಬೈತಾಳಂತಾ?" ಎಂದು ಕೇಳಿದ.

"ತುಂಬಾ," ಎಂದೆ.

ಸಿದ್ದಪ್ಪ ತಕ್ಕಡಿ ಕೆಳಗಿಟ್ಟು, ನಿಂತಿದ್ದ ಗಿರಾಕಿಗಳಿಗೆ ಕೈ ಮುಗಿದು, ಅಂಗಡಿ ಮುಚ್ಚುವ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದ.